ತಂಬಿಗೆ ನೀರು ಕುಡಿಯುವ ದೋಣಿ

ಬಂದಿಳಿದ ದಿನ

ನಾವು ಫಿನ್ಲೆಂಡಿಗೆ ಹೋಗಿ ಬಂದೆವೆಂದು ಗೊತ್ತಾದಾಗಿನಿಂದ ಲಿಂಗಸುಗೂರಿನಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಎಷ್ಟು ಚಳಿ? ಅಲ್ಲಿ ಊಟಕ್ಕೇನು ಮಾಡಿದಿರಿ? ಚಳಿ ಇರಲಿಲ್ಲ, ನಾವು ಹೋದದ್ದು ಅವರ ಬೇಸಿಗೆಯಲ್ಲಿ. ಊಟಕ್ಕೆ ನನ್ನ ಹೆಂಡತಿ ಶಾಂತಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡಿದ್ದಳು. ಇಷ್ಟು ಹೇಳಿದರೆ ಕೇಳಿದವರು ಸಮಾಧಾನವಾಗಿ ಎದ್ದು ಹೋಗುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆಯೇ ಇದೆ. ಅದು ಒಂದು ಹಳೆಯ ದೋಣಿಯ ಸಂಗತಿ, ನಮ್ಮ ಅಪ್ಪನ ಸಂಗತಿ.

ನಮ್ಮನ್ನು ಕರೆಸಿಕೊಂಡವರು ಯೂಹಾನಿ ಎಂಬ ನಿವೃತ್ತ ಭೂಗೋಳದ ಮಾಸ್ತರು. ಹನ್ನೊಂದು ವರ್ಷದ ಹಿಂದೆ ಮಸ್ಕಿಯ ಬಂಡೆಯ ಮೇಲಿನ ಶಾಸನ ನೋಡಲು ಸೈಕಲ್ ತುಳಿದುಕೊಂಡು ಬಂದಿದ್ದರು. ಅಶೋಕನ ಹೆಸರು ಹೆಸರಾಗಿಯೇ ಕಲ್ಲಿನ ಮೇಲೆ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ ಎಂದು ಅವರಿಗೆ ಗೊತ್ತಿತ್ತು. ಮರಳುವ ದಾರಿಯಲ್ಲಿ ಅವರ ಸೈಕಲ್ಲಿನ ಗಾಲಿ ಪಂಕ್ಚರಾಯಿತು. ಬೈಕಿನಲ್ಲಿ ಹೊರಟಿದ್ದ ನಾನು ಗಾಲಿಯ ಸಮೇತ ಅವರನ್ನು ಹಿಂದೆ ಕೂರಿಸಿಕೊಂಡು ಲಿಂಗಸುಗೂರು ಬಸ್ ನಿಲ್ದಾಣದ ಪಂಕ್ಚರ್ ಅಂಗಡಿಗೆ ಕರೆತಂದೆ. ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿದ, ಗುಳ್ಳೆ ಎದ್ದ ಕಡೆ ಕಡ್ಡಿ ಚುಚ್ಚಿ ಗುರುತು ಮಾಡಿದ. ಯೂಹಾನಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದರು. ಆ ದಿನ ನಮ್ಮ ಮನೆಯಲ್ಲೇ ಉಳಿದರು, ಅಪ್ಪನ ಜೊತೆ ಚಹಾ ಕುಡಿದರು. ಅಲ್ಲಿಂದ ವರ್ಷಕ್ಕೊಂದು ಕಾರ್ಡು ತಪ್ಪಿಸಿದವರಲ್ಲ. ನಾನು ತಾಲ್ಲೂಕು ಕಚೇರಿಯ ಭೂದಾಖಲೆ ವಿಭಾಗದಿಂದ ನಿವೃತ್ತನಾದೆ ಎಂದು ಬರೆದಾಗ, ಹಾಗಾದರೆ ಇನ್ನು ನೆಪ ಹೇಳುವಂತಿಲ್ಲ, ಬನ್ನಿ ಎಂದು ಬರೆದರು.

ಅಪ್ಪನಿಗೆ ಎಂಬತ್ನಾಲ್ಕು. ಅವರನ್ನು ಮಸ್ಕಿಯಲ್ಲಿರುವ ತಂಗಿ ಗಿರಿಜಾಳ ಮನೆಯಲ್ಲಿ ಬಿಟ್ಟು ಹೊರಟೆವು.

ವಿಮಾನ ನಿಲ್ದಾಣದಲ್ಲಿ ಯೂಹಾನಿ ಕೈ ಕುಲುಕಿ ಇಂಗ್ಲಿಷಿನಲ್ಲಿ ‘ಬಂದದ್ದು ಒಳ್ಳೆಯದಾಯಿತು’ ಎಂದರು. ಆಮೇಲೆ ಎರಡು ತಾಸು ಕಾರು ಓಡಿಸಿದರು, ಒಂದು ಮಾತಿಲ್ಲ. ನಮ್ಮಲ್ಲಿ ಲಿಂಗಸುಗೂರಿನಲ್ಲಿ ಬಸ್ ಹತ್ತಿದರೆ ಗುರುಗುಂಟಾ ಬರುವಷ್ಟರಲ್ಲಿ ಪಕ್ಕದವನಿಗೆ ನಿಮ್ಮ ಬೀಗರ ಹೊಲ ಎಷ್ಟು ಎಕರೆ ಎಂದೂ ತಿಳಿದಿರುತ್ತದೆ. ಶಾಂತಾ ಹಿಂದಿನ ಸೀಟಿನಿಂದ ನನ್ನ ಹೆಗಲು ತಟ್ಟಿದಳು.

“ಏನ್ರೀ, ನಮ್ಮ ಮ್ಯಾಲೆ ಸಿಟ್ಟಾಗ್ಯಾರೇನ್ರೀ ಇವರು?”

ಅವರು ಸಿಟ್ಟಾಗಿರಲಿಲ್ಲ. ಆ ದೇಶದಲ್ಲಿ ಸುಮ್ಮನಿರುವುದೂ ಒಂದು ಮರ್ಯಾದೆ ಎಂದು ತಿಳಿಯಲು ನಮಗೆ ಮೂರು ದಿನ ಬೇಕಾಯಿತು.

ಮರುದಿನ, ದೋಣಿಮನೆ

ಸರೋವರದ ದಂಡೆಯಲ್ಲಿ ಒಂಟಿ ಮನೆ, ಸುತ್ತ ಬರ್ಚ್ ಮರಗಳು, ನೀರಿನ ಅಂಚಿಗೆ ಒಂದು ಹಲಗೆಯ ಕೋಣೆ. ಅದರೊಳಗೆ ದೋಣಿ. ಕಯಾಕ್ ಎನ್ನುತ್ತಾರೆ. ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರುವ, ಸಣ್ಣಗೆ ಉದ್ದಕ್ಕೆ ನುಗ್ಗೆಕಾಯಿಯಂತಿರುವ ದೋಣಿ. ಒಳಗೆ ಮರದ ಪಕ್ಕೆಲುಬುಗಳು, ಮೇಲೆ ಬಿಗಿದ ದಪ್ಪ ಕ್ಯಾನ್ವಾಸ್ ಬಟ್ಟೆ, ಅದರ ಮೇಲೆ ವರ್ಷವರ್ಷವೂ ಬಳಿದ ಹಸಿರು ಬಣ್ಣ. ಯೂಹಾನಿ ಹದಿನಾರರ ಹುಡುಗನಾಗಿದ್ದಾಗ ತಮ್ಮ ತಂದೆಯ ಜೊತೆ ಕೂತು ಕಟ್ಟಿದ್ದು.

ಒಳಗೆ ಬಗ್ಗಿ ನೋಡಲು ಹೇಳಿದರು. ಒಂದು ಪಕ್ಕೆಲುಬಿನ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರುಗಳಿದ್ದವು. ಕಟ್ಟಿದವರ ಹೆಸರು ಮೊದಲು, ಆಮೇಲೆ ರಿಪೇರಿ ಮಾಡಿದವರದು. ಯಾರು ಕೈಹಾಕಿ ದೋಣಿ ಮತ್ತೆ ನೀರಿಗಿಳಿಯಿತೋ ಅವರ ಹೆಸರು ಅಲ್ಲಿ ಬರೆಯಬೇಕು, ಅದೂ ದೋಣಿ ಒಳಗೆ ಹನಿ ನೀರಿಲ್ಲದೆ ದಂಡೆಗೆ ಮರಳಿದ ಮೇಲೆ ಮಾತ್ರ. ಕಳೆದ ಮೂರು ಬೇಸಿಗೆಯಿಂದ ಹೊಸ ಹೆಸರು ಸೇರಿರಲಿಲ್ಲ.

ದೋಣಿ ಸೋರುತ್ತಿತ್ತು. ಮುಳುಗುವಷ್ಟಲ್ಲ. ಎದುರಿನ ದ್ವೀಪಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ತಂಬಿಗೆ ನೀರು ಒಳಗೆ ಸೇರುತ್ತಿತ್ತು, ಎಲ್ಲಿಂದ ಎಂದು ಮಾತ್ರ ತಿಳಿಯದು. ಅನುಮಾನ ಬಂದಲ್ಲೆಲ್ಲ ಯೂಹಾನಿ ಬಣ್ಣ ಬಳಿದಿದ್ದರು. ತೂತು ಬಣ್ಣದಡಿ ಇನ್ನಷ್ಟು ಅಡಗಿತು. ಹೋದ ಶರತ್ಕಾಲದಲ್ಲಿ ಸೊಂಟದವರೆಗೆ ಒದ್ದೆಯಾಗಿ ನಡುಗುತ್ತ ಮನೆಗೆ ಬಂದಾಗ ಅವರ ಮಗಳು ಅಲ್ಲೇ ಇದ್ದಳಂತೆ. ಈ ಭಾನುವಾರ ಗಾಡಿ ತಂದು ದೋಣಿಯನ್ನು ಗುಜರಿಗೆ ಹಾಕುವುದಾಗಿ ಹೇಳಿದ್ದಳು. ಅಷ್ಟರೊಳಗೆ ದೋಣಿ ಸೋರುವುದಿಲ್ಲ ಎಂದು ತೋರಿಸಿದರೆ ಅದು ಉಳಿಯುತ್ತದೆ. ಇದನ್ನೆಲ್ಲ ಅವರು ಹವಾಮಾನ ಹೇಳಿದಂತೆ ಹೇಳಿದರು, ಆದರೆ ಅವರ ಅಂಗೈ ದೋಣಿಯ ಬೆನ್ನ ಮೇಲಿಂದ ಏಳಲಿಲ್ಲ.

ಬುಧವಾರ, ನನ್ನ ಜಾಣತನ

ನಾನು ಎದೆಯುಬ್ಬಿಸಿ ಹೇಳಿದೆ: ಇದೇನು ದೊಡ್ಡ ಮಾತು, ನಮ್ಮ ಬಸ್ ನಿಲ್ದಾಣದ ಪದ್ಧತಿ ಮಾಡೋಣ. ನೀರಲ್ಲಿ ಅದ್ದಿದರೆ ಗುಳ್ಳೆ ತಾನೇ ಹೇಳುತ್ತದೆ. ಯೂಹಾನಿ ನನ್ನನ್ನು ನೋಡಿದರು, ದೋಣಿಯನ್ನು ನೋಡಿದರು, ಒಂದು ನಿಮಿಷ ಯೋಚಿಸಿ ಆಗಲಿ ಎಂದರು.

ಕೂರುವ ಬಾಯಿಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದೆವು. ಹಗ್ಗ ಕಟ್ಟಿ, ಮೇಲೆ ಕಲ್ಲು ಹೇರಿ, ದಂಡೆಯ ಆಳವಿಲ್ಲದ ಕಡೆ ನೀರೊಳಗೆ ಒತ್ತಿದೆವು. ಗುಳ್ಳೆ ಬಂದವು. ಹಾಳೆಯಡಿಯಿಂದ ಬಂದವು, ಹಗ್ಗದ ಸಂದಿಯಿಂದ ಬಂದವು, ನಾನು ತುಳಿದಿದ್ದ ಕೆಸರಿನಿಂದಲೂ ಬಂದವು. ಗಾಳಿಗೆ ನೀರು ನಡುಗುತ್ತಿದ್ದುದರಿಂದ ಯಾವುದು ಗುಳ್ಳೆ ಯಾವುದು ತೆರೆ ಎಂದೂ ತಿಳಿಯಲಿಲ್ಲ. ಅಷ್ಟರಲ್ಲಿ ಹಾಳೆ ಜಾರಿ, ದೋಣಿ ಗಟಗಟ ನೀರು ಕುಡಿದು, ಕಲ್ಲುಗಳ ಸಮೇತ ತಳಕ್ಕೆ ಕೂತುಬಿಟ್ಟಿತು. ಅದನ್ನು ಎಳೆದು ದಂಡೆಗೆ ಹಾಕುವುದರಲ್ಲಿ ಮಧ್ಯಾಹ್ನ ಕಳೆಯಿತು. ಶಾಂತಾ ಹಲಗೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಹೀಗಾಗುತ್ತದೆಂದು ನಿಮಗೆ ಗೊತ್ತಿತ್ತೇ ಎಂದು ಯೂಹಾನಿಯವರನ್ನು ಕೇಳಿದೆ. ಗೊತ್ತಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ನೀವು ಅಷ್ಟು ಖಚಿತವಾಗಿ ಹೇಳಿದಿರಲ್ಲ, ನಾವು ಕಾಣದ ಉಪಾಯ ಏನೋ ಇರಬೇಕು ಅಂದುಕೊಂಡೆ ಎಂದರು. ನನಗೆ ಅವಮಾನವೇ ಆಯಿತು. ತೊಯ್ದ ಕ್ಯಾನ್ವಾಸ್ ಒಣಗಲು ಎರಡು ದಿನ ಬೇಕು. ನನ್ನ ಜಾಣತನ ಅವರ ನಾಲ್ಕು ದಿನಗಳಲ್ಲಿ ಎರಡನ್ನು ತಿಂದುಹಾಕಿತ್ತು.

ಶಾಂತಾ ಸಿಂಧನೂರಿನ ಕಾಲುವೆ ಬದಿಯ ಮನೆಯವಳು. ಕಾಲುವೆಯ ಏರಿ ಒಡೆದು ಬೋಂಗಾ ಬಿದ್ದರೆ ಊರೇ ಓಡುವುದನ್ನು ಕಂಡು ಬೆಳೆದವಳು. ಅವಳ ಸಲಹೆ ಬೇರೆ: ಕೃಷ್ಣಾ ನದಿಯ ಹರಿಗೋಲಿಗೆ ಬಳಿಯುವಂತೆ ಇದಕ್ಕೂ ಡಾಂಬರು ಬಳಿದರಾಯಿತು. ಯೂಹಾನಿಗೆ ಖುಷಿಯಾಯಿತು. ಅವರ ದೇಶದಲ್ಲಿ ಮರದಿಂದ ತೆಗೆದ ಡಾಂಬರನ್ನು ದೋಣಿಗೂ ಬಳಿಯುತ್ತಿದ್ದರಂತೆ, ಸೋಪಿಗೂ ಹಾಕುತ್ತಾರೆ, ಪೆಪ್ಪರಮಿಂಟಿಗೂ ಹಾಕುತ್ತಾರೆ. ಅವಳ ಕೈಗೆ ಅಂಥದೊಂದು ಪೆಪ್ಪರಮಿಂಟು ಕೊಟ್ಟರು. ಅವಳು ಬಾಯಿಗೆ ಹಾಕಿಕೊಂಡು ನಕ್ಕಂತೆ ಮಾಡಿ, ಅವರು ಅತ್ತ ತಿರುಗಿದಾಗ ಸೆರಗಿಗೆ ತೆಗೆದಳು. ಆದರೆ ತೂತು ಎಲ್ಲಿದೆ ಎಂದು ತಿಳಿಯದೆ ಇನ್ನೇನು ಬಳಿದರೂ ಅದು ಬಣ್ಣದ ಕಥೆಯೇ ಎಂದು ಯೂಹಾನಿ ತಲೆಯಾಡಿಸಿದರು.

ಗುರುವಾರ, ಒಲೆಯ ಬೂದಿ

ಅವರ ಮನೆಗೆ ಅಂಟಿಕೊಂಡೇ ಒಂದು ಬಿಸಿಕೋಣೆಯಿದೆ. ಸೌನಾ ಎನ್ನುತ್ತಾರೆ. ಕಟ್ಟಿಗೆ ಉರಿಸಿ, ಕಲ್ಲು ಕಾಯಿಸಿ, ಬೆವರು ಸುರಿಸುತ್ತ ಕೂರುವ ಕೋಣೆ. ನಮ್ಮ ಕಡೆ ಬೇಸಿಗೆಯಲ್ಲಿ ಪುಕ್ಕಟೆ ಸಿಗುವ ಈ ಭಾಗ್ಯಕ್ಕೆ ಅವರು ಕಟ್ಟಿಗೆ ಕಡಿಯುತ್ತಾರೆ. ಬೆಳಿಗ್ಗೆ ಯೂಹಾನಿ ಆ ಒಲೆಯ ಬೂದಿಯನ್ನು ಬಕೆಟ್ಟಿಗೆ ತುಂಬುತ್ತಿದ್ದರು. ನಾನು ಸುಮ್ಮನೆ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದೆ. ಮೈದಾ ಹಿಟ್ಟಿನಷ್ಟು ನಯವಾಗಿತ್ತು.

ಆಗ ನೆನಪಿನಲ್ಲಿ ಒಂದು ಬೇವಿನ ಮರ ಕಂಡಿತು. ಮಸ್ಕಿಯ ಕೇರಿಯಲ್ಲಿ ನಮ್ಮ ಮನೆ ಮುಂದಿದ್ದ ಮರ. ಅದರ ಕೊಂಬೆಗೆ ಒಂದು ದೊಡ್ಡ ತೊಗಲಿನ ಚೀಲ ತೂಗುಹಾಕಿದೆ, ಅದರ ಮೈಯೆಲ್ಲ ಬೂದಿಯಿಂದ ಬೆಳ್ಳಗಾಗಿದೆ, ಕೆಳಗೆ ತಾತ ಕೂತು ಕತ್ತೆತ್ತಿ ನೋಡುತ್ತಿದ್ದಾರೆ. ನನಗೆ ಆಗ ಆರೋ ಏಳೋ. ತಾತ ಕಪಿಲೆಯ ಚೀಲ ಹೊಲಿಯುತ್ತಿದ್ದರು. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ. ಸುತ್ತಲ ಊರಿನ ಎಷ್ಟೋ ಹೊಲ ಅವರ ಹೊಲಿಗೆಯ ಮೇಲೆ ಹಸಿರಾಗಿದ್ದವು. ಊರವರು ಅವರನ್ನು ‘ಹನುಮ್ಯಾ’ ಎಂದು ಕರೆಯುತ್ತಿದ್ದರು, ಚಿಕ್ಕ ಹುಡುಗರೂ ಹಾಗೇ ಕರೆಯುತ್ತಿದ್ದರು.

ತಾತ ಬೂದಿಯನ್ನು ಏನು ಮಾಡುತ್ತಿದ್ದರು ಎಂದು ನನಗೆ ಗೊತ್ತಿಲ್ಲ. ಗೊತ್ತಾಗಲು ಅಪ್ಪ ಬಿಡಲಿಲ್ಲ. ಅಪ್ಪ ನಮ್ಮ ಮನೆಯಲ್ಲಿ ಮೊದಲು ಶಾಲೆಗೆ ಹೋದವರು. ಅಲ್ಲಿ ಬಾಗಿಲ ಹೊರಗೆ ಕೂರಿಸಿದ್ದರು, ತೊಗಲಿನ ವಾಸನೆ ಎಂದು ಹುಡುಗರು ಮೂಗು ಮುಚ್ಚುತ್ತಿದ್ದರು. ಇಷ್ಟನ್ನೂ ಅಮ್ಮ ಹೇಳಿದ್ದು, ಅಪ್ಪನಲ್ಲ. ನಾನು ಒಮ್ಮೆ ತಾತನ ದಬ್ಬಳ ತೆಗೆದುಕೊಂಡು ಬೇವಿನೆಲೆ ಹೊಲಿಯುತ್ತ ಕೂತಿದ್ದೆ. ಅಪ್ಪ ಬಂದವರೇ ಆ ದಬ್ಬಳ ಕಿತ್ತುಕೊಂಡು ಬಾವಿಗೆ ಎಸೆದರು. ತಾತ ನೋಡುತ್ತ ಕೂತಿದ್ದರು. ಅಲ್ಲಿಂದ ಇಲ್ಲಿಯವರೆಗೆ ತಾತನ ಕೆಲಸದ ಮಾತು ನಮ್ಮ ಮನೆಯಲ್ಲಿ ಬಂದಿಲ್ಲ. ಕಚೇರಿಯಲ್ಲಿ ಯಾರಾದರೂ ಹಿರಿಯರದೇನು ಉದ್ಯೋಗ ಎಂದರೆ ನಾನು ‘ಒಕ್ಕಲುತನ’ ಎನ್ನುತ್ತಿದ್ದೆ. ಮೂವತ್ತೆರಡು ವರ್ಷ ಇಡೀ ತಾಲ್ಲೂಕಿನ ಹೊಲದವರ ಹೆಸರು ಬರೆದವನು ನಾನು. ತಾತನಿಗೆ ಹೊಲವಿರಲಿಲ್ಲ, ಹಾಗಾಗಿ ಅವರ ಹೆಸರು ಬರೆಯುವ ಪ್ರಸಂಗವೇ ಬರಲಿಲ್ಲ.

ಮಸ್ಕಿಗೆ ಫೋನ್ ಮಾಡಿದೆ. ಗಿರಿಜಾ ಅಪ್ಪನ ಕೈಗೆ ಕೊಟ್ಟಳು. ಊಟ, ಗುಳಿಗೆ, ಮಳೆ ಎಲ್ಲ ಆದಮೇಲೆ ದೋಣಿಯ ಸುದ್ದಿ ಹೇಳಿ, ತಾತ ಚೀಲಕ್ಕೆ ಬೂದಿ ಯಾಕೆ ಹಚ್ಚುತ್ತಿದ್ದರು ಎಂದು ಕೇಳಿದೆ.

“ಅಷ್ಟು ದೂರ ಹೋಗಿ ಇದನ್ನ ಕೇಳ್ತೀಯೇನು ನೀ?” ಎಂದರು ಅಪ್ಪ. ಫೋನು ಗಿರಿಜಾಳ ಕೈಗೆ ಹೋಯಿತು.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಅವರ ನೋವು ನನಗೆ ಗೊತ್ತು. ಆದರೆ ಎಂಬತ್ನಾಲ್ಕು ವರ್ಷದವರು ಬಾಯಿ ಮುಚ್ಚಿಯೇ ಹೋದರೆ ತಾತ ನಮಗೆ ಪೂರ್ತಿ ಇಲ್ಲವಾಗುತ್ತಾರೆ. ನನ್ನ ಬಳಿ ಉಳಿದಿರುವುದು ಒಂದು ಮರ, ಒಂದು ಬಿಳಿಯ ಚೀಲ, ಅಷ್ಟೆ. ಆ ದಿನ ಸರೋವರದ ದಂಡೆಯಲ್ಲಿ ನಾನೂ ಫಿನ್ಲೆಂಡಿನವನಂತೆ ಸುಮ್ಮನೆ ಕೂತಿದ್ದೆ.

ಶುಕ್ರವಾರ, ಮಸ್ಕಿಯಿಂದ ಕರೆ

ಅಪ್ಪ ತಾವಾಗಿ ಯಾರಿಗೂ ಫೋನ್ ಮಾಡುವವರಲ್ಲ. ಶುಕ್ರವಾರ ಬೆಳಿಗ್ಗೆ ವಿಡಿಯೊ ಕರೆ ಬಂದು ಅವರ ಮುಖವೇ ನನ್ನ ಫೋನಿನಲ್ಲಿ ಮೂಡಿತು. ಗಿರಿಜಾ ಫೋನು ಹಿಡಿದಿದ್ದಳು. ನಮಸ್ಕಾರ ಗಿಮಸ್ಕಾರ ಇಲ್ಲ, ನೇರ ಕೇಳಿದರು:

“ದೋಣಿ ಒಣಗೇತೇನು?”

ಒಣಗಿದೆ ಎಂದೆ.

“ಹೊರಗ ಬೂದಿ ತಿಕ್ಕು, ತೆಳ್ಳಗ. ಒಳಗ ಎರಡು ಕೊಡ ನೀರು ಸಾಕು, ಪೂರ್ತಿ ತುಂಬಬ್ಯಾಡ. ಮೆಲ್ಲಕ ಆ ಕಡೆ ಈ ಕಡೆ ವಾಲಿಸು. ಕೆಳಗ ಮಲಗಿ ನೋಡು. ನೀರು ಹನಿಯೋಕಿಂತ ಮೊದಲ ಬೂದಿ ಕಪ್ಪಾಗತೈತಿ, ಸಾಸಿವಿ ಕಾಳಿನಷ್ಟ. ಆಗಿಂದಾಗ ಗುರುತು ಮಾಡಬೇಕು, ತಡ ಮಾಡಿದ್ರ ಹರಡಿಬಿಡತೈತಿ.” ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: “ಹೊಡೆತ ಬಿದ್ದಲ್ಲಿ ನೋಡಬ್ಯಾಡ. ತಿಕ್ಕಾಟ ಇದ್ದಲ್ಲಿ ನೋಡು. ನಮ್ಮಪ್ಪ ಮೊದಲು ಅಲ್ಲೇ ನೋಡತಿದ್ದ.”

‘ನಮ್ಮಪ್ಪ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಎಷ್ಟು ವರ್ಷದ ಮೇಲೆ ಕೇಳಿದೆನೋ.

ದೋಣಿಯನ್ನು ಎತ್ತಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಇಟ್ಟೆವು. ಬಟ್ಟೆಯಿಂದ ಬೂದಿ ತಿಕ್ಕಿದೆವು. ಶಾಂತಾ ನೀರು ಸುರಿದಳು, ಯೂಹಾನಿ ವಾಲಿಸಿದರು, ನಾನು ಕೆಳಗೆ ಅಂಗಾತ ಮಲಗಿದೆ. ಕಣ್ಣಿಗೆ, ಬಾಯಿಗೆ ಬೂದಿ ಉದುರಿತು. ಮೊದಲು ತಳದ ಪಟ್ಟಿಯ ಮೊಳೆಗಳ ಹತ್ತಿರ ಎರಡು ಚುಕ್ಕೆ ಕಂಡವು. ಆಮೇಲೆ ಹಿಂದಿನ ಸೀಟಿನಡಿ, ಪಕ್ಕೆಲುಬು ಬಟ್ಟೆಗೆ ಉಜ್ಜುವ ಕಡೆ, ಒಂದು ಸಣ್ಣ ಕಪ್ಪು ಗೆರೆ ಎದ್ದಿತು. ಬೆರಳುದ್ದವೂ ಇರಲಿಲ್ಲ. ಒಳಗಿನಿಂದ ನೂಲು ಸವೆದು ಹೋಗಿತ್ತು, ಹೊರಗೆ ಬಣ್ಣ ಮಾತ್ರ ಅದನ್ನು ಹಿಡಿದಿತ್ತು. ಯೂಹಾನಿ ಬಗ್ಗಿ ನೋಡಿದರು. ಮೂರು ಬೇಸಿಗೆ, ಎಂದರು, ಅಷ್ಟೆ.

ಚುಕ್ಕೆಗಳಿಗೆ ತೇಪೆ ಸಾಕು, ಪಂಕ್ಚರ್ ಅಂಗಡಿಯ ಹಾಗೆಯೇ ಅಂಟು ಹಚ್ಚಿ ಒತ್ತಿದೆವು. ಈಗಲಾದರೂ ಬಸ್ ನಿಲ್ದಾಣದ ವಿದ್ಯೆ ಉಪಯೋಗಕ್ಕೆ ಬಂತು. ಗೆರೆಯನ್ನು ಮಾತ್ರ ಹೊಲಿಯಬೇಕಿತ್ತು. ಯೂಹಾನಿ ಮೇಣ ಹಚ್ಚಿದ ದಾರವನ್ನೂ ಎರಡು ದಪ್ಪ ದಬ್ಬಳವನ್ನೂ ತಂದರು. ನನ್ನ ಒಂದು ಕೈ ದೋಣಿಯ ಒಳಗೆ, ಒಂದು ಕೈ ಹೊರಗೆ. ಮೊದಲ ಹೊಲಿಗೆಯೇ ಸೊಟ್ಟಗಾಯಿತು. ಶಾಂತಾ ಫೋನು ಹಿಡಿದು ಅಪ್ಪನಿಗೆ ತೋರಿಸುತ್ತಿದ್ದಳು.

“ಹಂಗಲ್ಲ ತಮ್ಮಾ,” ಎಂದರು ಅಪ್ಪ. “ಎರಡೂ ದಬ್ಬಳ ಒಂದ ತೂತಿನ್ಯಾಗ ಹಾಯಬೇಕು, ಒಂದು ಒಳಗಿಂದ, ಒಂದು ಹೊರಗಿಂದ. ಆಮ್ಯಾಲೆ ಎರಡೂ ಕೈ ಕೂಡೇ ಜಗ್ಗು.”

ಹೇಳುತ್ತ ಹೇಳುತ್ತ ತಾವೇ ಮಾಡಿ ತೋರಿಸಿದರು. ಕೈಯಲ್ಲಿ ದಬ್ಬಳವಿಲ್ಲ, ದಾರವಿಲ್ಲ. ಬರಿಗೈಯನ್ನು ಗಾಳಿಯಲ್ಲಿ ಚುಚ್ಚಿ, ದಾಟಿಸಿ, ಎರಡೂ ಕಡೆ ಸರಕ್ಕನೆ ಜಗ್ಗಿದರು. ಮತ್ತೆ ಚುಚ್ಚಿದರು, ಮತ್ತೆ ಜಗ್ಗಿದರು. ಗುಳಿಗೆಯ ಡಬ್ಬಿ ತೆರೆಯುವಾಗ ನಡುಗುವ ಆ ಕೈಗಳು ಆಗ ನಡುಗುತ್ತಿರಲಿಲ್ಲ. ಅದು ನೋಡಿ ಕಲಿತ ಕೈಯಲ್ಲ. ಹುಡುಗನಾಗಿದ್ದಾಗ ನೂರಾರು ಚೀಲ ತಾನೇ ಹೊಲಿದ ಕೈ. ಶಾಲೆಗೆ ಹೋಗುವ ಮೊದಲೂ, ಶಾಲೆಯಿಂದ ಬಂದ ಮೇಲೂ ಅಪ್ಪ ತಾತನ ಎದುರು ಕೂತು ಹೊಲಿಯುತ್ತಿದ್ದರೆಂದು ನಾನು ಅರವತ್ತನೆಯ ವಯಸ್ಸಿನಲ್ಲಿ, ಒಂದು ದೋಣಿಯನ್ನು ತಬ್ಬಿಕೊಂಡು ನಿಂತಾಗ ತಿಳಿದೆ. ತಲೆ ತಗ್ಗಿಸಿ ಹೊಲಿದೆ.

ಹೊಲಿಗೆ ಮುಗಿದು ಮೇಲೆ ತೇಪೆ ಹಾಕಿದ ಮೇಲೆ ಕಾಫಿ ಬಂತು. ನಿಮ್ಮ ತಂದೆ ದೋಣಿ ಕಟ್ಟುವವರೇ ಎಂದು ಯೂಹಾನಿ ಕೇಳಿದರು. ಒಕ್ಕಲುತನ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿ, ಇಲ್ಲ, ನಮ್ಮ ತಾತ ತೊಗಲಿನ ಕೆಲಸ ಮಾಡುತ್ತಿದ್ದರು, ಅದಕ್ಕಾಗಿ ಊರು ಅವರನ್ನು ಹೊರಗಿಟ್ಟಿತ್ತು ಎಂದೆ. ಅವರು, ಕಷ್ಟದ ಕೆಲಸ, ಒಳ್ಳೆಯ ಕೆಲಸ ಎಂದು ಇನ್ನಷ್ಟು ಕಾಫಿ ಹಾಕಿದರು. ನನಗೆ ಹಗುರವೂ ಆಯಿತು, ಸಂಕಟವೂ ಆಯಿತು. ಅವರಿಗೆ ನಮ್ಮ ಊರಿನ ಭಾರ ಗೊತ್ತಿಲ್ಲ, ಹಾಗಾಗಿ ಅವರಿಗೆ ಅದು ಸುಲಭ. ಆದರೂ ಒಂದು ಕಪ್ ಕಾಫಿಯಲ್ಲಿ ಮುಗಿಯುವ ಮಾತನ್ನು ಹೇಳಲು ನಾನು ಇಷ್ಟು ದೂರ ಬರಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಭಾನುವಾರ, ದ್ವೀಪಕ್ಕೆ ಹೋಗಿ ಬಂದದ್ದು

ತೇಪೆಗಳ ಮೇಲೆ ಬಳಿದ ಬಣ್ಣ ಶನಿವಾರ ಒಣಗಿತು. ಭಾನುವಾರ ಬೆಳಿಗ್ಗೆ ಯೂಹಾನಿಯವರ ಮಗಳು ಗಾಡಿ ತಂದಳು, ಹಗ್ಗವನ್ನೂ ತಂದಿದ್ದಳು. ಹೊಲಿಗೆ ನೋಡಿದಳು, ತಂದೆಯ ಮುಖ ನೋಡಿದಳು, ಹಗ್ಗವನ್ನು ಗಾಡಿಯಲ್ಲೇ ಬಿಟ್ಟು ಶಾಂತಾಳ ಪಕ್ಕ ಬಂದು ಕೂತಳು. ಯೂಹಾನಿ ಮುಂದೆ, ನಾನು ಹಿಂದೆ, ಹೊಲಿಗೆಯ ಮೇಲೆಯೇ. ಈಜು ಬಾರದ ನನಗೆ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದ್ದರು. ಹೋಗುವಾಗ ಒಂದೊಂದು ಹುಟ್ಟಿಗೂ ನಾನು ಸೀಟಿನಡಿ ಕೈಯಾಡಿಸಿ ನೋಡುತ್ತಿದ್ದೆ. ದ್ವೀಪದಲ್ಲಿ ಅರ್ಧ ತಾಸು ಕೂತು ಬೆರ್ರಿ ಹಣ್ಣು ತಿಂದೆವು. ಮರಳುವಾಗ ಕೈಯಾಡಿಸುವುದನ್ನು ಬಿಟ್ಟು ನೀರು ನೋಡಿದೆ. ಅಷ್ಟು ನೀರು, ಅದರ ಮೇಲೆ ಒಂದು ಬಟ್ಟೆಯಷ್ಟು ದಪ್ಪದ ನಂಬಿಕೆ. ಬಾವಿಯ ದಂಡೆಯಲ್ಲಿ ನಿಂತ ರೈತ ಕಪಿಲೆ ಹೊಡೆಯುವಾಗ ತಾತನ ಹೊಲಿಗೆಯ ಬಗ್ಗೆ ಯೋಚಿಸುತ್ತಿರಲಿಲ್ಲ. ಅದು ಸೋರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ದಂಡೆಗೆ ಬಂದು ದೋಣಿ ಮಗುಚಿದೆವು. ಒಂದು ಹನಿ ಬೀಳಲಿಲ್ಲ. ಮಗಳು ಒಳಗೆ ಕೈಹಾಕಿ ಬೆರಳು ನೋಡಿಕೊಂಡಳು, ತಂದೆಯ ಬೆನ್ನು ಸವರಿದಳು. ಯೂಹಾನಿ ಪೆನ್ಸಿಲ್ ತಂದು ನನ್ನ ಕೈಗಿತ್ತರು.

ನಾನು ಮಸ್ಕಿಗೆ ಫೋನ್ ಹಚ್ಚಿದೆ. ನೀರು ಬರಲಿಲ್ಲ ಎಂದೆ. ಅಪ್ಪ ಹ್ಞೂಂ ಎಂದರು. ಇಲ್ಲಿ ರಿಪೇರಿ ಮಾಡಿದವರ ಹೆಸರು ಬರೆಯುವ ಪದ್ಧತಿ ಇದೆ, ಯಾರ ಹೆಸರು ಬರೆಯಲಿ, ನಿಮ್ಮದೇ ಎಂದು ಕೇಳಿದೆ.

“ನಂದ್ಯಾಕ?” ಎಂದರು. “ನಮ್ಮಪ್ಪಂದು ಬರಿ. ಹನುಮಪ್ಪ ಅಂತ ಪೂರ್ತಿ ಬರಿ. ಬದುಕಿರೋತನ ಒಬ್ಬರೂ ಹಂಗ ಕರೀಲಿಲ್ಲ ಅವಗ.”

ಬರೆದೆ. ಪಕ್ಕೆಲುಬಿನ ಒರಟು ಮರದ ಮೇಲೆ ಪೆನ್ಸಿಲ್ಲು ಎರಡು ಸಲ ಮುಗ್ಗರಿಸಿತು. ಯೂಹಾನಿ ಬಗ್ಗಿ ನಮ್ಮ ಅಕ್ಷರ ನೋಡಿ, ಇದನ್ನು ಹೇಗೆ ಓದಬೇಕು ಎಂದು ಕೇಳಿದರು. ಹೇಳಿಕೊಟ್ಟೆ. ಅವರು ಮಾಸ್ತರಲ್ಲವೇ, ತಪ್ಪಬಾರದೆಂದು ಒಂದೊಂದೇ ಅಕ್ಷರ ತೂಗಿ ಗಟ್ಟಿಯಾಗಿ ಹೇಳಿದರು.

“ಹನುಮಪ್ಪ.”

ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ಮಸ್ಕಿಯಲ್ಲಿ ಅಪ್ಪನಿಗೆ ಕೇಳಿಸಿತ್ತು.

“ತಮ್ಮಾ,” ಎಂದರು, “ಇನ್ನೊಮ್ಮೆ ಅನ್ನಂತ ಹೇಳು ಅವರಿಗೆ.”